ಚಾಮುಂಡಿ ಬೆಟ್ಟದ ಏರು ಮತ್ತು ಚಕ್ರದ ತೂಕ

ಮೈಸೂರಿನ ಶ್ರೀರಾಂಪುರಕ್ಕೆ ಪೂರ್ವದಲ್ಲಿರುವ ಚಾಮುಂಡಿ ಬೆಟ್ಟದ ಏರಿನಲ್ಲಿ ಸಮಯ ಉಳಿಸಬೇಕೆನ್ನುವ ಸೈಕಲ್ ಸವಾರರು ಮೊದಲು ಯೋಚಿಸುವುದು ಚಕ್ರದ ತೂಕವನ್ನು. ಚಕ್ರದಲ್ಲಿ ಒಂದು ಗ್ರಾಂ ಇಳಿಸಿದರೆ ಫ್ರೇಮಿನಲ್ಲಿ ಎರಡು ಗ್ರಾಂ ಇಳಿಸಿದಂತೆ ಎಂಬ ನಂಬಿಕೆ ಇದೆ. ಅದಕ್ಕೆ ಆಧಾರವೂ ಇದೆ: ರಿಮ್ಮು, ಟೈರುಗಳು ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ಹಾಗಾಗಿ ವೇಗ ಏರಿಸುವಾಗ ಅವುಗಳ ತೂಕಕ್ಕೆ ಹೆಚ್ಚುಕಡಿಮೆ ಇಮ್ಮಡಿ ಶಕ್ತಿ ಹಿಡಿಯುತ್ತದೆ. ಆದರೆ ಬೆಟ್ಟ ಹತ್ತುವಾಗಿನ ದೊಡ್ಡ ಕೆಲಸ ವೇಗ ಏರಿಸುವುದಲ್ಲ, ಭಾರ ಎತ್ತುವುದು. ಸವಾರ, ಸೈಕಲ್ ಸೇರಿ 75 ಕಿಲೋ, ಏರು 300 ಮೀಟರ್ ಎಂದಿಟ್ಟುಕೊಂಡರೆ ಎತ್ತುವುದಕ್ಕೇ ಸುಮಾರು 2,20,000 ಜೂಲ್ ಬೇಕು. ರಿಮ್ಮಿನಲ್ಲಿ 400 ಗ್ರಾಂ ಇಳಿಸಿದರೆ ಉಳಿಯುವುದು ಸುಮಾರು 1,176 ಜೂಲ್. 20 ನಿಮಿಷದ ಏರಿನಲ್ಲಿ ಐದಾರು ಸೆಕೆಂಡು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಆ 400 ಗ್ರಾಂ ಸುತ್ತುವುದಕ್ಕೆ ಬೇಕಾದ ಹೆಚ್ಚುವರಿ ಶಕ್ತಿ ಬರೀ 5 ಜೂಲ್! ಪ್ರತಿ ತುಳಿತಕ್ಕೂ ವೇಗ ಏರಿಳಿಯುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ತುಳಿದಾಗ ಚಕ್ರ ಪಡೆದ ಶಕ್ತಿ, ತುಳಿತ ಸಡಿಲವಾದಾಗ ಸೈಕಲ್ಲನ್ನು ಮುಂದೂಡಲು ಮರಳುತ್ತದೆ. ಅದು ನಿಜವಾಗಿ ವ್ಯರ್ಥವಾಗುವುದು ಬ್ರೇಕ್ ಹಿಡಿದಾಗ. ಆದ್ದರಿಂದ ತಿರುವಿಗೊಮ್ಮೆ ಬ್ರೇಕ್ ಹಿಡಿದು ಮತ್ತೆ ನುಗ್ಗಬೇಕಾದ ನಗರದೊಳಗಿನ ರೇಸುಗಳಲ್ಲಿ ಹಗುರ ರಿಮ್ಮಿಗೆ ಒಂದಿಷ್ಟು ಬೆಲೆ ಉಂಟು.

ಭಾರದ ಚಕ್ರ ಸೈಕಲ್ಲನ್ನು ಬೀಳದಂತೆ ಹಿಡಿಯುತ್ತದೆ ಎನ್ನುವುದು ಇನ್ನೊಂದು ವಾದ. ಬಿಚ್ಚಿದ ಚಕ್ರದ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಜೋರಾಗಿ ತಿರುಗಿಸಿ, ಓರೆ ಮಾಡಿದರೆ ಅದು ಪಕ್ಕಕ್ಕೆ ಹೊರಳಲು ಎಳೆಯುವುದು ಅಂಗೈಗೇ ತಿಳಿಯುತ್ತದೆ. ವಾದ ಹುಟ್ಟಿದ್ದು ಈ ಅನುಭವದಿಂದಲೇ. ವಿಜ್ಞಾನಿ ಡೇವಿಡ್ ಜೋನ್ಸ್ 1970ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಮುಂದಿನ ಚಕ್ರದ ಪಕ್ಕ ಇನ್ನೊಂದನ್ನು ಹಿಮ್ಮುಖವಾಗಿ ತಿರುಗಿಸಿ ಆ ಎಳೆತವನ್ನು ರದ್ದು ಮಾಡಿದ್ದರು. ಆದರೂ ಸೈಕಲ್ಲನ್ನು ಸಲೀಸಾಗಿ ಓಡಿಸಬಹುದಾಗಿತ್ತು. ಸವಾರನ ಕೈ ಸಂಭಾಳಿಸಿತು ಎಂದು ಆಕ್ಷೇಪಿಸಬಹುದು. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯ ಸೈಕಲ್ಲಿಗೆ ಸವಾರನೇ ಇರಲಿಲ್ಲ. ತಿರುಗುವ ಚಕ್ರಗಳ ಆ ಎಳೆತವನ್ನು ಹೆಚ್ಚುಕಡಿಮೆ ಪೂರ್ತಿ ರದ್ದುಗೊಳಿಸಿದ್ದರು. ಆದರೂ ಅದು ತಾನೇ ನೆಟ್ಟಗೆ ಓಡಿತು. ಗುಟ್ಟು ತೂಕ ಎಷ್ಟು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದರಲ್ಲಿದೆ: ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ತಾನಾಗಿ ಎಡಕ್ಕೇ ತಿರುಗಿ, ಚಕ್ರಗಳು ಬೀಳುವ ಭಾರದ ಅಡಿಗೆ ಬಂದು ಸೇರುವಂತಿರಬೇಕು.

ಬೆಟ್ಟ ಇಳಿಯುವಾಗ ನಾನು ನೋಡುವುದು ರಿಮ್ಮಿನ ತೂಕವನ್ನಲ್ಲ, ಅದರ ಅಗಲವಾದ ಪಕ್ಕೆಯನ್ನು. ಪಕ್ಕದ ಗಾಳಿ ಅದಕ್ಕೆ ಬಡಿದರೆ ಹ್ಯಾಂಡಲ್ಲೇ ತಿರುಗುತ್ತದೆ. ಇನ್ನು ಏರಿಗಾಗಿ ಹಣ ಖರ್ಚು ಮಾಡುವುದಾದರೆ ಮೊದಲು ಒಳ್ಳೆಯ ಟೈರು ಕೊಳ್ಳಬೇಕು. ಉರುಳುವಿಕೆಯ ತಡೆಯ ಗುಣಾಂಕ 0.006ರಿಂದ 0.004ಕ್ಕೆ ಇಳಿದರೆ ಅದೇ 75 ಕಿಲೋ ಭಾರಕ್ಕೆ ಕಿಲೋಮೀಟರಿಗೆ ಸುಮಾರು 1,470 ಜೂಲ್ ಉಳಿಯುತ್ತದೆ. 400 ಗ್ರಾಂ ಹಗುರ ರಿಮ್ಮು ಇಡೀ ಬೆಟ್ಟದಲ್ಲಿ ಉಳಿಸುವುದಕ್ಕಿಂತ ಇದು ಹೆಚ್ಚು.