ಪಂಚಗಂಗೆಯ ದಂಡೆಯ ಮಣ್ಣು, ಬಣ್ಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೆ ಕೊಲ್ಹಾಪುರ ಪರಸ್ಥಳವಲ್ಲ. ಅಂಬಾಬಾಯಿಯ ದರ್ಶನ, ದವಾಖಾನೆ, ಮದುವೆ ಜವಳಿ, ಚಪ್ಪಲಿ ಹೀಗೆ ಹೋಗಲು ನೂರು ನೆಪ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಸುಮಾರು ನಲವತ್ತು ಕಿಲೋಮೀಟರು. ಆದರೆ ಹಾಗೆ ಹೋದವರಲ್ಲಿ ಟೌನ್ ಹಾಲ್ ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತುವವರು ವಿರಳ. ಗಡಿನಾಡಿನ ಕನ್ನಡಿಗರು ತಮ್ಮದೆಂದೇ ನೋಡಬೇಕಾದ ಜಾಗ ಅದು.

ಕಟ್ಟಡ 1870ರ ದಶಕದ್ದು. ಕೊಲ್ಹಾಪುರದ ಹೊಸ ಅರಮನೆಯ ನಕ್ಷೆ ಬರೆದ ಚಾರ್ಲ್ಸ್ ಮಾಂಟ್ ಅವರೇ ಇದನ್ನೂ ರೂಪಿಸಿದರು.

ಒಳಗಿರುವ ಸಂಗ್ರಹದ ಬೇರು ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿದೆ. 1944-45ರಲ್ಲಿ ಅಲ್ಲಿ ಶೋಧ ನಡೆಸಿದವರು ಪ್ರೊ. ಕೆ.ಜಿ. ಕುಂದಣಗಾರ. ಗೋಕಾಕ ತಾಲ್ಲೂಕಿನ ಕೌಜಲಗಿಯವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಒಂದೇ ಗ್ರಂಥದಲ್ಲಿ ಸಂಪಾದಿಸಿಕೊಟ್ಟವರು. 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರ ಶೋಧದ ಮರುವರ್ಷ, 1945-46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಉತ್ಖನನ ಮುಂದುವರಿಸಿದರು. ಸಿಕ್ಕ ವಸ್ತುಗಳನ್ನು ಜನರಿಗೆ ತೋರಿಸಲೆಂದೇ ವಸ್ತುಸಂಗ್ರಹಾಲಯ ಹುಟ್ಟಿಕೊಂಡಿತು.

ದಿಬ್ಬದಲ್ಲಿ ಸಿಕ್ಕ ಕಂಚಿನ ವಸ್ತುಗಳ ಪೈಕಿ ಗೇಣುದ್ದವೂ ಇಲ್ಲದ ಪೊಸೈಡನ್ ಮೂರ್ತಿಯೊಂದು ಜಗತ್ತಿಗೇ ಗೊತ್ತು. ಗ್ರೀಕರ ಕಡಲದೇವತೆ ರೋಮನ್ ವ್ಯಾಪಾರದ ಕಾಲದಲ್ಲಿ ಘಟ್ಟ ಹತ್ತಿ ಬಂದು ಇಲ್ಲಿ ಸೇರಿದ್ದು ನಿಜಕ್ಕೂ ಬೆರಗಿನ ಸಂಗತಿ. ಆನೆಯ ಬೆನ್ನ ಮೇಲೆ ಸವಾರರು ಒತ್ತಾಗಿ ಕುಳಿತ ಪುಟ್ಟ ಕಂಚಿನ ಗೊಂಬೆಯೂ ಅಷ್ಟೇ ಹೆಸರುವಾಸಿ. ಆದರೂ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಡಕೆ ಚೂರುಗಳ ಮುಂದೆ. ಕಂಚಿನ ಮೂರ್ತಿ ಉಳ್ಳವರ ಮನೆಯ ಸೊತ್ತು; ಗಡಿಗೆ, ಮುಚ್ಚಳ, ಬಟ್ಟಲು ಎಲ್ಲರ ಮನೆಯವು.

ಬ್ರಹ್ಮಪುರಿಯಲ್ಲಿ ಶಾತವಾಹನರ ಕಾಲದ ಪದರದ ಮೇಲೆ ಬಹಮನಿಗಳ ಕಾಲದ ಪದರವೂ ಸಿಕ್ಕಿತು. ಕೆಳಗಿನದರಲ್ಲಿ ತಿಗರಿಯ ಮೇಲೆ ತಿರುಗಿಸಿ, ಉಜ್ಜಿ ನುಣುಪು ಮಾಡಿದ ಕೆಂಪು ಪಾತ್ರೆಗಳು. ಮೇಲಿನದರಲ್ಲಿ ಗಾಜಿನ ಹೊಳಪು ಕೊಟ್ಟ ಮಣ್ಣಿನ ಸಾಮಾನು, ಬಣ್ಣಬಣ್ಣದ ಗಾಜಿನ ಬಳೆ. ಹಿಡಿಯಲು ಅನುಕೂಲವಾಗುವಂತೆ ಕಂಠ ಎಷ್ಟು ಬಾಗಬೇಕು, ನೀರು ತುಳುಕದಂತೆ ಬಾಯಿ ಎಷ್ಟು ಕಿರಿದಾಗಬೇಕು ಎಂಬ ಲೆಕ್ಕ ಕುಂಬಾರನ ಬೆರಳಿನಲ್ಲೇ ಇತ್ತು. ಇವತ್ತು ವಿನ್ಯಾಸ ಎಂದು ಕಾಲೇಜುಗಳಲ್ಲಿ ಕಲಿಸುವುದು ಇದನ್ನೇ.

ಶಾತವಾಹನರ ಕಾಲದ ಮಣ್ಣಿನ ಗೊಂಬೆಗಳದು ಇನ್ನೊಂದು ಜಾಣ್ಮೆ. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಅಚ್ಚು. ಎರಡರಲ್ಲೂ ತೆಳುವಾಗಿ ಮಣ್ಣು ಒತ್ತಿ ಜೋಡಿಸಿ ಸುಟ್ಟರೆ ಒಳಗೆ ಟೊಳ್ಳಾದ, ಹಗುರ ಗೊಂಬೆ. ತೇರ್, ಪೈಠಣದಂಥ ದಖ್ಖನಿನ ಪಟ್ಟಣಗಳಲ್ಲಿ ಈ ಪದ್ಧತಿ ಚೆನ್ನಾಗಿ ಬೆಳೆದಿತ್ತು. ನಮ್ಮ ಸೀಮೆಯಲ್ಲಿ ಅಚ್ಚಿಲ್ಲದ ಗೊಂಬೆಯ ಸಂಪ್ರದಾಯ ಇನ್ನೂ ಜೀವಂತ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಅವನ್ನು ಸುಡುವುದಿಲ್ಲ, ನೀರಿಗೆ ಬಿಡುತ್ತಾರೆ. ಹಾಗಾಗಿ ಯಾವ ಉತ್ಖನನಕ್ಕೂ ಸಿಗದ ಕಲೆ ಅದು.

ಚಿತ್ರಗಳ ಕಡೆಗೆ ಬಂದರೆ ಅಬಾಲಾಲ್ ರಹಿಮಾನ್. ಕುರಾನಿನ ಕೈಬರಹದ ಪ್ರತಿಗಳನ್ನು ಮಾಡುತ್ತಿದ್ದ ಮನೆತನದವರು, ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತು ಶಾಹು ಮಹಾರಾಜರ ಆಶ್ರಯ ಪಡೆದವರು. 1922ರಲ್ಲಿ ಮಹಾರಾಜರು ತೀರಿಕೊಂಡಾಗ ದುಃಖದಲ್ಲಿ ಎಷ್ಟೋ ಚಿತ್ರಗಳನ್ನು ಕೋಟಿತೀರ್ಥ ಕೆರೆಗೆ ಎಸೆದರು ಎಂಬ ಮಾತಿದೆ. ಉಳಿದ ಚಿತ್ರಗಳಲ್ಲಿ ನೀರಿನ ಮೇಲಿನ ಬೆಳಕು ಎಷ್ಟು ಸಹಜವೆಂದರೆ, ಕೃಷ್ಣೆಯ ಮಗ್ಗುಲಲ್ಲಿ ಬೆಳೆದ ಯಾರಿಗೂ ಅದರ ಗುರುತು ಹತ್ತುತ್ತದೆ. ಕೊಲ್ಹಾಪುರದಲ್ಲೇ 1867ರಲ್ಲಿ ಹುಟ್ಟಿದ ಎಂ.ವಿ. ಧುರಂಧರ್ ಪುಸ್ತಕಗಳಿಗೆ ಚಿತ್ರ ಬರೆದು ಪ್ರಸಿದ್ಧರಾದರು. ಕಿಂಕೇಡ್ ಎಂಬ ಅಧಿಕಾರಿ ಶ್ರಾವಣದ ವ್ರತಕಥೆಗಳನ್ನು ಇಂಗ್ಲಿಷಿಗೆ ತಂದ 1914ರ ಪುಸ್ತಕಕ್ಕೆ ಇವರದೇ ಚಿತ್ರಗಳು. ಸೀರೆಯ ನಿರಿಗೆ, ಅಂಗಳದ ತುಳಸಿ, ಹಿತ್ತಾಳೆ ತಂಬಿಗೆ ಯಾವುದನ್ನೂ ಊಹೆಯಿಂದ ಬರೆದವರಲ್ಲ ಅವರು.

ಈ ಐದೂ ತಾಲ್ಲೂಕಿನ ಶಾಲೆಗಳ ಪ್ರವಾಸದಲ್ಲಿ ಪನ್ಹಾಳಗಡ, ಜ್ಯೋತಿಬಾ ಸಾಮಾನ್ಯ. ಅದೇ ದಿನ ಟೌನ್ ಹಾಲಿಗೆ ಒಂದು ತಾಸು ಮೀಸಲಿಡುವುದು ಕಷ್ಟವಲ್ಲ. ಮಕ್ಕಳಿಗೆ ಮೊದಲು ಕುಂದಣಗಾರರ ಹೆಸರು ಹೇಳಿ, ಆಮೇಲೆ ಪೊಸೈಡನ್‌ನನ್ನು ತೋರಿಸಬೇಕು. ಸೋಮವಾರ ಮಾತ್ರ ಬಾಗಿಲು ತೆರೆಯುವುದಿಲ್ಲ.