ಟ್ರ್ಯಾಕ್ಟರಿಗೆ ಸರಪಳಿಯನ್ನು ಎಲ್ಲಿ ಕಟ್ಟಬೇಕು?

ಸಿಂಧನೂರು ಭಾಗದ ಭತ್ತದ ಗದ್ದೆಗಳಲ್ಲಿ ರಾಡಿಗೆ ಸಿಕ್ಕ ಟ್ರ್ಯಾಕ್ಟರನ್ನು ಇನ್ನೊಂದರಿಂದ ಎಳೆಸುತ್ತೀರಿ. ಲಿಂಗಸುಗೂರು, ಮಸ್ಕಿ ಕಡೆಯ ಒಣ ಬೇಸಾಯದ ಹೊಲಗಳಲ್ಲಿ ಬೊಡ್ಡೆ, ಬಂಡೆ ಕೀಳಲು ಸರಪಳಿ ಬಿಗಿಯುತ್ತೀರಿ. ಆಗ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೇಲೆದ್ದು, ಅದು ಹಿಂದಕ್ಕೆ ಮಗುಚಿ ಚಾಲಕನ ಜೀವಕ್ಕೇ ಅಪಾಯವಾಗಬಹುದು. ಸರಪಳಿ ಕಟ್ಟುವ ಎತ್ತರ ಇದಕ್ಕೆ ಮುಖ್ಯ ಕಾರಣ.

ಮೊದಲು ಪಾನಾದ ಉದಾಹರಣೆ ನೋಡೋಣ. 40 ಸೆಂ.ಮೀ. ಉದ್ದದ ಪಾನಾದ ತುದಿಗೆ 90 ಡಿಗ್ರಿ ಕೋನದಲ್ಲಿ 30 ಕಿಲೋ ಬಲ ಹಾಕಿದರೆ ನಟ್ಟಿನ ಮೇಲಿನ ತಿರುಗುಬಲ 30 × 0.4 = 12 ಕಿಲೋಗ್ರಾಂ-ಮೀಟರ್. ಅದೇ ಬಲವನ್ನು 30 ಡಿಗ್ರಿ ಓರೆಯಾಗಿ ಹಾಕಿದರೆ ಕೇವಲ 6. ಪಾನಾದ ಉದ್ದಕ್ಕೇ ಎಳೆದರೆ ಸೊನ್ನೆ. ಏಕೆಂದರೆ ಲೆಕ್ಕಕ್ಕೆ ಬರುವುದು ಪಾನಾದ ಉದ್ದವಲ್ಲ. ನಟ್ಟಿನ ನಡುವಿನಿಂದ ಬಲದ ಗೆರೆಗೆ ಲಂಬವಾಗಿ ಅಳೆದ ದೂರ. ಇದನ್ನೇ 'ಬಲದ ತೋಳು' ಎನ್ನೋಣ.

ಟ್ರ್ಯಾಕ್ಟರು ಎಳೆಯುವಾಗ ಹಿಂದಿನ ಗಾಲಿ ನೆಲಕ್ಕೆ ತಾಗುವ ಜಾಗವೇ ನಟ್ಟು ಇದ್ದಂತೆ. 2000 ಕಿಲೋ ತೂಕದ ಟ್ರ್ಯಾಕ್ಟರಿನ ಭಾರಕೇಂದ್ರವು ಆ ಜಾಗಕ್ಕಿಂತ 70 ಸೆಂ.ಮೀ. ಮುಂದಿದೆ ಎಂದಿಟ್ಟುಕೊಳ್ಳಿ. ಮುಂಭಾಗವನ್ನು ಕೆಳಗೆ ಒತ್ತಿ ಹಿಡಿಯುವ ತಿರುಗುಬಲ 2000 × 0.7 = 1400. ಸರಪಳಿಯನ್ನು ನೆಲಕ್ಕೆ ಸಮಾನಾಂತರವಾಗಿ 1500 ಕಿಲೋ ಬಲದಿಂದ ಜಗ್ಗಿದಾಗ, ಅದು 40 ಸೆಂ.ಮೀ. ಎತ್ತರದ ಡ್ರಾಬಾರಿನಲ್ಲಿದ್ದರೆ ಮಗುಚುವ ತಿರುಗುಬಲ 600, ಭಯವಿಲ್ಲ. ಒಂದು ಮೀಟರ್ ಎತ್ತರದಲ್ಲಿ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ 1500. ಮುಂದಿನ ಗಾಲಿ ಏಳುತ್ತದೆ.

ಒಮ್ಮೆ ಎದ್ದರೆ ಭಾರಕೇಂದ್ರ ಹಿಂದಕ್ಕೆ ಸರಿದು ಭಾರದ ತೋಳು ಕಿರಿದಾಗುತ್ತ ಹೋಗುತ್ತದೆ. ಕ್ಲಚ್ ತುಳಿಯಲು ಸಮಯ ಸಿಗುವುದಿಲ್ಲ. ಡ್ರಾಬಾರಿಗೆ ಕಟ್ಟಿದ್ದರೆ, ಮುಂಭಾಗ ಎದ್ದಂತೆ ಡ್ರಾಬಾರು ಕೆಳಗಿಳಿದು ಎಳೆತದ ತೋಳೂ ಕಿರಿದಾಗುತ್ತದೆ. ಅದೇ ರಕ್ಷಣೆ.

ಆದ್ದರಿಂದ ಈ ಮಾತುಗಳನ್ನು ಪಾಲಿಸಿರಿ:

1. ಸರಪಳಿಯನ್ನು ಡ್ರಾಬಾರಿಗೆ ಮಾತ್ರ ಕಟ್ಟಿರಿ. ಟಾಪ್ ಲಿಂಕಿಗಾಗಲಿ ಆಕ್ಸಲಿಗಾಗಲಿ ಕಟ್ಟಬೇಡಿರಿ.

2. ಕೆಳ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಒಮ್ಮೆಲೇ ಜಗ್ಗಿದರೆ ಬಲ ಏರುತ್ತದೆ.

3. ಹೂತ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸಬೇಡಿರಿ. ಗಾಲಿ ತಿರುಗಲಾಗದಿದ್ದರೆ ಟ್ರ್ಯಾಕ್ಟರಿನ ಒಡಲೇ ಆಕ್ಸಲಿನ ಸುತ್ತ ಮೇಲೇಳುತ್ತದೆ. ಮಣ್ಣು ತೆಗೆದು ಹಿಂದಕ್ಕೆ ನಡೆಸಿ ನೋಡಿರಿ.

4. ಬಿಗಿದ ಸರಪಳಿಯ ಹತ್ತಿರ ಯಾರನ್ನೂ ನಿಲ್ಲಗೊಡಬೇಡಿರಿ.