ಕೋಪ, ಮುನಿಸು, ಅಮರ್ಷ

ಅರಿಷಡ್ವರ್ಗದ ಎಣಿಕೆಯಲ್ಲಿ ಕಾಮದ ಬೆನ್ನಿಗೇ ಕ್ರೋಧ ಬರುತ್ತದೆ. ಶಾಲೆಯ ಮಕ್ಕಳೂ ಆ ಆರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲರು. ಆದರೆ ಒಪ್ಪಿಸುವ ಮಗುವಾಗಲಿ, ಒಪ್ಪಿಸಿಕೊಳ್ಳುವ ಅಧ್ಯಾಪಕರಾಗಲಿ ಕ್ರೋಧಕ್ಕೂ ಕೋಪಕ್ಕೂ, ಕೋಪಕ್ಕೂ ಮುನಿಸಿಗೂ ಇರುವ ಅಂತರವನ್ನು ವಿಚಾರಿಸುವುದು ಅಪೂರ್ವ. ಎಲ್ಲವೂ ‘ಸಿಟ್ಟು’ ಎಂಬ ಒಂದೇ ಗೂಡಿಗೆ ಸೇರಿಹೋಗುತ್ತವೆ. ಹೆಸರು ಒಂದೇ ಆದಲ್ಲಿ ಮದ್ದೂ ಒಂದೇ ಆಗುತ್ತದೆ. ಶಾಲೆಗಳಲ್ಲಿ ಆ ಮದ್ದು ಬಹುಕಾಲ ಬೆತ್ತವಾಗಿತ್ತು.

ಅಮರಸಿಂಹನು ತನ್ನ ಕೋಶದ ನಾಟ್ಯವರ್ಗದಲ್ಲಿ ಕೋಪ, ಕ್ರೋಧ, ಅಮರ್ಷ, ರೋಷ, ಪ್ರತಿಘ, ರುಷ್, ಕ್ರುಧ್ ಎಂಬ 7 ಪದಗಳನ್ನು ಸಾಲಾಗಿ ಜೋಡಿಸಿದ್ದಾನೆ. ಕೋಶಕಾರನ ಕೆಲಸ ಅಲ್ಲಿಗೆ ಮುಗಿಯಿತು. ಕಂಠಪಾಠ ಮಾಡಿದವರು ಇವೆಲ್ಲ ಒಂದೇ ಅರ್ಥದ ಮಾತುಗಳೆಂದು ನಂಬಿ ಮುಂದೆ ಸಾಗುತ್ತಾರೆ. ಕನ್ನಡದ ಜಾಯಮಾನವಾದರೋ ಇಷ್ಟು ಸುಲಭವಾಗಿ ಒಪ್ಪುವಂಥದಲ್ಲ. ಹುಣ್ಣು ಕೆರಳುತ್ತದೆ, ಮನುಷ್ಯನೂ ಕೆರಳುತ್ತಾನೆ. ಎರಡಕ್ಕೂ ಮೊದಲೇ ಒಳಗೊಂದು ಗಾಯವಿರಬೇಕು. ಕನಲುವುದರಲ್ಲಿ ಬೆಂಕಿಯಿದೆ, ತಮಿಳಿನಲ್ಲಿ ಕನಲ್ ಎಂದರೆ ಕೆಂಡವೇ. ರೇಗುವುದು ಗಳಿಗೆಯ ಮಾತು, ಸಿಡುಕು ಸ್ವಭಾವದ ಮಾತು.

ಇವುಗಳ ನಡುವೆ ‘ಮುನಿ’ ಎಂಬ ಧಾತುವಿನ ಸ್ಥಾನ ವಿಶಿಷ್ಟವಾದುದು. ದೂರ್ವಾಸರನ್ನು ನೆನೆದವರಿಗೆ ಋಷಿವಾಚಕವಾದ ಮುನಿಗೂ ಇದಕ್ಕೂ ನಂಟುಂಟೆಂದು ತೋರಿದರೆ ಆಶ್ಚರ್ಯವಿಲ್ಲ; ಆದರೆ ಅದು ಸಂಸ್ಕೃತ ನಾಮ, ಇದು ಅಚ್ಚಗನ್ನಡ ಕ್ರಿಯೆ. ಹಳಗನ್ನಡದಲ್ಲಿ ರಣರಂಗದ ಕಡುಗೋಪಕ್ಕೂ ಇದೇ ಧಾತು ಸಲ್ಲುತ್ತಿತ್ತು. ಬರಬರುತ್ತ ಅದು ಮನೆಯೊಳಕ್ಕೆ ಬಂದಿತು. ಇಂದು ಮಗು ತಾಯಿಯ ಮೇಲೆ ಮುನಿಸಿಕೊಳ್ಳುತ್ತದೆ, ತಂಗಿ ಅಣ್ಣನ ಮೇಲೆ ಮುನಿಸಿಕೊಳ್ಳುತ್ತಾಳೆ. ದಾರಿಹೋಕನ ಮೇಲೆ ಮುನಿಸಿಕೊಂಡನೆಂದರೆ ಕನ್ನಡದ ಕಿವಿ ಒಪ್ಪದು. ಅವನ ಮೇಲೆ ಬರುವುದು ಬರಿಯ ಸಿಟ್ಟು. ಮುನಿಸಿಗೆ ಸಲಿಗೆ ಬೇಕು, ಹಕ್ಕು ಬೇಕು, ರಮಿಸುವವರು ಬಂದಾರೆಂಬ ನಂಬುಗೆ ಬೇಕು. ಆ ನಂಬುಗೆ ಕಳೆದ ದಿನ ಮುನಿಸು ಹಗೆಯಾಗುತ್ತದೆ.

‘ತಾಳು’ ಎಂಬ ಮತ್ತೊಂದು ಕ್ರಿಯೆಯೂ ವಿಚಾರಾರ್ಹ. ರೂಪ ತಾಳಿದಂತೆ, ಅವತಾರ ತಾಳಿದಂತೆ, ಒಬ್ಬನು ಕೋಪ ತಾಳಿದನೆನ್ನುತ್ತೇವೆ. ಅದೇ ತಾಳುವಿನಿಂದ ತಾಳ್ಮೆಯೂ ಬಂದಿದೆ. ಕೋಪವನ್ನು ಧರಿಸುವುದಕ್ಕೂ ಅದನ್ನು ಸಹಿಸುವುದಕ್ಕೂ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ. ಸಂಸ್ಕೃತದ ಅಮರ್ಷಕ್ಕಾದರೋ ಈ ದ್ವಂದ್ವವಿಲ್ಲ. ಮರ್ಷವೆಂದರೆ ಸಹನೆ; ಅದಿಲ್ಲದುದು ಅಮರ್ಷ.

ಭರತಮುನಿಯು ನಾಟ್ಯಶಾಸ್ತ್ರದ 7ನೆಯ ಅಧ್ಯಾಯದಲ್ಲಿ ಕ್ರೋಧವನ್ನು 5 ಬಗೆಯಾಗಿ ವಿಭಾಗಿಸಿದ್ದಾನೆ: ಶತ್ರುವಿನ ಮೇಲಣದು, ಗುರುವಿನ ಮೇಲಣದು, ಪ್ರಿಯರ ಮೇಲಣದು, ಸೇವಕರ ಮೇಲಣದು ಮತ್ತು ಕೃತಕವಾದುದು. ಮೊದಲನೆಯದಕ್ಕೆ ಕನ್ನಡಿಗರು ಉದಾಹರಣೆ ಹುಡುಕಬೇಕಿಲ್ಲ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದ ತಣ್ಣೀರೂ, ಭೀಮನ ಮೂದಲೆಗೆ ದುರ್ಯೋಧನನಲ್ಲಿ ಉಕ್ಕಿದ ರೋಷವನ್ನು ಆರಿಸಲಾರದಾಯಿತು. ಸೇವಕರ ಮೇಲೆ ಕಣ್ಣು ಅರಳಿಸಿ ಗದರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಧ್ಯಾಪಕರು ನಿಂತು ನೋಡಬೇಕಾದುದು ಎರಡನೆಯದನ್ನು. ಗುರುವಿನ ಮೇಲೆ ಕೋಪ ಬಂದವನ ದೃಷ್ಟಿ ತುಸು ಕೆಳಗಾಗಿರುತ್ತದೆ, ಮೂಡಿದ ಬೆವರನ್ನು ಅವನು ಮೆಲ್ಲನೆ ಒರೆಸಿಕೊಳ್ಳುತ್ತಾನೆ, ಉಗ್ರಚೇಷ್ಟೆಗಳೊಂದೂ ಹೊರಗೆ ಕಾಣವು. ವಿನಯ ಅವನನ್ನು ಬಿಗಿದಿದೆ ಎನ್ನುತ್ತಾನೆ ಭರತ. ನಟರಿಗೆಂದು ಬರೆದ ಮಾತು ಇದು. ತರಗತಿಯಲ್ಲಿ ತಲೆತಗ್ಗಿಸಿ ನಿಂತ ವಿದ್ಯಾರ್ಥಿಯನ್ನು ಕಂಡು ಎಂಥ ವಿನೀತ ಹುಡುಗನೆಂದು ಮೆಚ್ಚಿದವರಲ್ಲಿ ಎಷ್ಟು ಮಂದಿ ಕ್ರೋಧವನ್ನೇ ವಿನಯವೆಂದು ಓದಿದರೋ!

ಅದೇ ಗ್ರಂಥದಲ್ಲಿ ಅಮರ್ಷವು 33 ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಬರುತ್ತದೆ. ವಿದ್ಯೆಯಲ್ಲಿ, ಐಶ್ವರ್ಯದಲ್ಲಿ, ಬಲದಲ್ಲಿ ತನಗಿಂತ ಹೆಚ್ಚಿನವರಿಂದ ಅವಮಾನಿತನಾದವನಲ್ಲಿ ಅದು ಹುಟ್ಟುತ್ತದೆಂದು ಅಲ್ಲಿ ಹೇಳಿದೆ. ಅದು ಕೂಗಾಡದು, ಮುಖ ತಗ್ಗಿಸಿ ಚಿಂತಿಸುತ್ತದೆ, ಉಪಾಯ ಹುಡುಕುತ್ತದೆ. ವಿದ್ಯೆಯಿಂದ ಹೆಚ್ಚಿನವರು ದಿನವೂ ಚಿಕ್ಕವರೆದುರು ಮಾತನಾಡುವ ಸ್ಥಳ ಶಾಲೆಯಲ್ಲದೆ ಮತ್ತಾವುದು? ಹತ್ತು ಜನರ ಮುಂದೆ ದಡ್ಡನೆನಿಸಿಕೊಂಡವನಲ್ಲಿ ಅಮರ್ಷ ಹಟದ ಓದಾಗಿ ತಿರುಗುವುದುಂಟು. ಅದನ್ನೇ ನೆಚ್ಚಿ ಹೀಯಾಳಿಕೆಯನ್ನು ಬೋಧನಕ್ರಮವೆಂದು ಸಮರ್ಥಿಸುವವರೂ ಇದ್ದಾರೆ. ಈ ವಾದ ಸಾಧುವಲ್ಲ. ಓದಿ ಮುಂದೆ ಬಂದವನು ಸಮಾರಂಭಕ್ಕೆ ಬಂದು ಹಾರ ಹಾಕಿಸಿಕೊಳ್ಳುತ್ತಾನೆ. ಶಾಲೆ ಬಿಟ್ಟು ಹೋದವನನ್ನು ಎಣಿಸುವವರಿಲ್ಲ.

ಮನ್ಯುವೆಂಬ ಶಬ್ದವೂ ಇಲ್ಲಿ ಸ್ಮರಣೀಯ. ಋಗ್ವೇದದ 10ನೆಯ ಮಂಡಲದ ಎರಡು ಸೂಕ್ತಗಳಲ್ಲಿ ಮನ್ಯುವೇ ಸ್ತುತ್ಯ ದೇವತೆ. ಅಮರಕೋಶ ಮಾತ್ರ ಆ ಪದಕ್ಕೆ ಕ್ರೋಧದೊಡನೆ ಯಜ್ಞ, ದೈನ್ಯ ಎಂಬ ಅರ್ಥಗಳನ್ನೂ ಕೊಡುತ್ತದೆ. ಕ್ರೋಧ ಮತ್ತು ದೈನ್ಯ ಒಂದೇ ಪದದಲ್ಲಿ ಕೂಡಿರುವುದು ವಿಚಿತ್ರವೆನಿಸಿದರೆ, ಬಡವನ ಕೋಪ ದವಡೆಗೆ ಮೂಲವೆಂಬ ಗಾದೆಯನ್ನು ನೆನೆಯಬಹುದು. ಮಗುವೂ ಒಂದು ರೀತಿಯಲ್ಲಿ ಬಡವನೇ.

ಹಾಗಾದರೆ ಗುರುವಿಗೆ ಕೋಪವೇ ಕೂಡದೆ? ವನಪರ್ವದಲ್ಲಿ ದ್ರೌಪದಿಯು ಪ್ರಹ್ಲಾದನು ಬಲಿಗೆ ಹೇಳಿದ ಮಾತನ್ನು ಉದಾಹರಿಸಿ, ಸದಾ ಉಗ್ರತೆಯೂ ಸಲ್ಲದು, ಸದಾ ಕ್ಷಮೆಯೂ ಸಲ್ಲದೆಂದು ವಾದಿಸುತ್ತಾಳೆ. ಶಾಲೆಗೆ ಒಗ್ಗುವುದು ಭರತನ 5ನೆಯ ಬಗೆ, ಅಂದರೆ ನಮ್ಮ ಹುಸಿಗೋಪ. ಒಳಗೆ ಉರಿಯಿಲ್ಲದ ಆ ಗದರಿಕೆಯನ್ನು ಮಕ್ಕಳು ಥಟ್ಟನೆ ಗುರುತಿಸುತ್ತಾರೆ, ಆದರೂ ಅದಕ್ಕೆ ಮಣಿಯುತ್ತಾರೆ. ಮನೆಯ ತಾಪತ್ರಯವನ್ನು ತರಗತಿಗೆ ಹೊತ್ತು ತಂದವರ ಕೋಪ ಬೇರೆ. ಭರತನ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯೇ ಅದನ್ನು ಹಿಡಿದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವೇನೋ ಕೈಬಿಟ್ಟಿತು, ನಾಲಗೆಯನ್ನು ಯಾವ ಕಾಯಿದೆ ಕಾಯಬಲ್ಲದು?

ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಿಂದ ಹುಡುಗನೊಬ್ಬ ತಟ್ಟೆ ಸರಿಸಿ ಎದ್ದುಹೋದನೆನ್ನೋಣ. ಅದು ಮುನಿಸಾಗಿದ್ದರೆ ಯಾರಾದರೊಬ್ಬರು ಹೋಗಿ “ಬಾರಪ್ಪಾ, ಊಟಕ್ಕೇಳು” ಎಂದರೆ ಸಾಕು. ಅವನು ಅದಕ್ಕಾಗಿಯೇ ಬಾಗಿಲ ಬಳಿ ಕಿವಿಗೊಟ್ಟು ಕುಳಿತಿರುತ್ತಾನೆ. ಅದು ಅಮರ್ಷವಾಗಿದ್ದರೆ ಅನ್ಯರ ಕರೆಗೆ ಅವನು ಏಳುವವನಲ್ಲ. ಬೆಳಗ್ಗೆ ತರಗತಿಯಲ್ಲಿ ಆ ಮಾತನಾಡಿದವರೇ ಅವನಿದ್ದಲ್ಲಿಗೆ ಹೋಗಬೇಕು.